ಒಂದು ಗಾಳಿಯ ಹೆಸರು ನಡೆದ ದಾರಿ

ಮನುಷ್ಯರು ವಲಸೆ ಹೋಗುವಂತೆ ಮಾತುಗಳೂ ವಲಸೆ ಹೋಗುತ್ತವೆ. ಊರು ಬಿಟ್ಟವನ ಉಡುಗೆ ಬದಲಾಗುತ್ತದೆ, ಊಟ ಬದಲಾಗುತ್ತದೆ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅವನ ಮನೆತನದ ಹೆಸರನ್ನು ನೆರೆಹೊರೆಯವರು ತಮ್ಮ ನಾಲಗೆಗೆ ಒಗ್ಗುವಂತೆ ತಿರುಚಿಕೊಂಡಿರುತ್ತಾರೆ. ಮಾತಿನ ಗತಿಯೂ ಇಷ್ಟೆ. ಹೊರಟಾಗ ಇದ್ದ ರೂಪ ಸೇರಿದ ಊರಿನಲ್ಲಿ ಇರುವುದಿಲ್ಲ. ಹೊರಟಾಗ ಇದ್ದ ಅಂತಸ್ತೂ ಇರುವುದಿಲ್ಲ. ಆದರೂ ಏನೋ ಒಂದು ಉಳಿದಿರುತ್ತದೆ. ಆ ಉಳಿದದ್ದು ಏನು, ಅದನ್ನು ಉಳಿಸಿದವರು ಯಾರು ಎಂದು ಹುಡುಕುವುದೇ ಶಬ್ದಚರಿತ್ರೆಯ ಸ್ವಾರಸ್ಯ.

ಅಂಥ ಒಂದು ಮಾತಿನ ಕಥೆಯನ್ನು ಈ ಸಲ ಓದುಗರ ಮುಂದೆ ಇಡುತ್ತಿದ್ದೇವೆ. ಅದು ಲ್ಯಾಟಿನ್ ಭಾಷೆಯ ಒಂದು ಗಾಳಿಯ ಹೆಸರು: ಫವೋನಿಯುಸ್. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ರೈತರೂ ನಾವಿಕರೂ ಕಾದು ಕುಳಿತು ಸ್ವಾಗತಿಸುತ್ತಿದ್ದ ಈ ಗಾಳಿಯ ಹೆಸರು, ಇಂದು ಮಾಸ್ಕೋದಲ್ಲಿ, ಪ್ರಾಗ್‌ನಲ್ಲಿ, ಇಸ್ತಾಂಬುಲಿನಲ್ಲಿ ಬಚ್ಚಲುಮನೆಯ ಗೂಟಕ್ಕೆ ತೂಗುಹಾಕಿದ ಒಂದು ಸಣ್ಣ ಯಂತ್ರದ ಹೆಸರಾಗಿದೆ. ಒದ್ದೆ ಕೂದಲನ್ನು ಒಣಗಿಸುವ ಯಂತ್ರ ಅದು! ದೇವತೆಯಾಗಿದ್ದ ಗಾಳಿ ಯಂತ್ರವಾದದ್ದು ಹೇಗೆ? ನಡುವೆ ಎಷ್ಟು ಬೆಟ್ಟ ಹತ್ತಿತು, ಎಷ್ಟು ಊರು ಸುಟ್ಟಿತು, ಯಾರ ಬಾಯಿಂದ ಯಾರ ಬಾಯಿಗೆ ದಾಟಿತು?

ರೋಮನ್ನರ ಪಡುವಣ ಗಾಳಿ

ಗ್ರೀಕರ ಅಥೆನ್ಸ್ ನಗರದಲ್ಲಿ ಗಾಳಿಗಳ ಗೋಪುರವೆಂಬ ಎಂಟು ಮುಖದ ಅಮೃತಶಿಲೆಯ ಕಟ್ಟಡವೊಂದು ಇಂದಿಗೂ ನಿಂತಿದೆ. ಒಂದೊಂದು ಮುಖದ ಮೇಲೂ ಒಂದೊಂದು ದಿಕ್ಕಿನ ಗಾಳಿಯನ್ನು ರೆಕ್ಕೆಯುಳ್ಳ ಪುರುಷನಂತೆ ಕೆತ್ತಿದ್ದಾರೆ. ಬಡಗಣ ಗಾಳಿ ಮೈತುಂಬ ಹೊದ್ದ ಮುದುಕ. ಪಡುವಣ ಗಾಳಿಯಾದ ಜೆಫಿರೋಸ್ ಮಾತ್ರ ಸುಕುಮಾರ ತರುಣ. ಅವನ ಮೇಲುದದ ಮಡಿಲ ತುಂಬ ಹೂವು. ಈ ಗೋಪುರವನ್ನು ವರ್ಣಿಸಿದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯುಸ್, ಎಂಟು ಗಾಳಿಗಳಿಗೆ ಲ್ಯಾಟಿನ್ ಹೆಸರುಗಳನ್ನು ಕೊಡುವಾಗ ಪಡುವಣ ಗಾಳಿಯನ್ನು ಫವೋನಿಯುಸ್ ಎಂದು ಕರೆದಿದ್ದಾನೆ. ಗ್ರೀಕರ ಜೆಫಿರೋಸನೂ ರೋಮನ್ನರ ಫವೋನಿಯುಸನೂ ಒಬ್ಬನೇ ಎಂದು ಎಣಿಕೆ.

ರೋಮನ್ನರಿಗೆ ಈ ಗಾಳಿ ಬರಿಯ ಕವಿಕಲ್ಪನೆಯಾಗಿರಲಿಲ್ಲ; ಅದು ಪಂಚಾಂಗದಲ್ಲಿ ಗುರುತು ಹಾಕಿದ ಸಂಗತಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಹಿರಿಯ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಇದಕ್ಕೆ ದಿನವನ್ನೇ ಹೇಳಿಬಿಟ್ಟಿದ್ದಾನೆ. ಫೆಬ್ರುವರಿ 8ರ ಸುಮಾರಿಗೆ ಫವೋನಿಯುಸ್ ಬೀಸತೊಡಗಿ ಚಳಿಗಾಲದ ಆಕಾಶವನ್ನು ಮೆತ್ತಗಾಗಿಸುತ್ತದೆ, ವಸಂತ ಕಾಲಿಡುತ್ತದೆ, ನಾವಿಕರಿಗೆ ಕಡಲು ತೆರೆಯುತ್ತದೆ. ಚಳಿಗಾಲದುದ್ದಕ್ಕೂ ದಡಕ್ಕೆ ಎಳೆದು ಕಟ್ಟಿದ್ದ ದೋಣಿಗಳನ್ನು ನೀರಿಗೆ ಇಳಿಸುವ ಕಾಲ ಅದು. ಕವಿ ಹೊರೇಸ್ ಕೂಡ ತನ್ನ ಒಂದು ಪ್ರಸಿದ್ಧ ಗೀತೆಯಲ್ಲಿ ಚಳಿಯ ಬಿಗಿ ಸಡಿಲುವುದನ್ನು ವಸಂತದ ಜತೆಗೆ ಫವೋನಿಯುಸ್‌ನ ಹೆಸರು ಹಿಡಿದೇ ಹೇಳಿದ್ದಾನೆ. ನಮ್ಮ ಕರಾವಳಿಯ ಮೊಗವೀರರು ಮಳೆಗಾಲ ಮುಗಿದು ಕಡಲು ಶಾಂತವಾಗುವುದನ್ನು ಹೇಗೆ ಕಾಯುತ್ತಾರೋ, ಹಾಗೆ ಇಟಲಿಯ ದೋಣಿಯವರು ಈ ಗಾಳಿಯನ್ನು ಕಾಯುತ್ತಿದ್ದರು.

ಹೆಸರಿನ ಅರ್ಥವೇನು? ಹಿಂದಿನವರೇ ಇದನ್ನು ಕೇಳಿಕೊಂಡಿದ್ದರು. ಕ್ರಿ.ಶ. 636ರಲ್ಲಿ ಕಾಲವಾದ ಸ್ಪೇನಿನ ಬಿಷಪ್, ಸೆವಿಲ್ಲೆಯ ಇಸಿದೋರ್, ಶಬ್ದಗಳ ವ್ಯುತ್ಪತ್ತಿಯನ್ನು ಕುರಿತ ತನ್ನ ಬೃಹದ್ಗ್ರಂಥದಲ್ಲಿ, ಮೊಳೆಯುವ ಸಸಿಗಳನ್ನು ಬೆಚ್ಚಗಿಟ್ಟು ಪೋಷಿಸುವುದರಿಂದ ಇದಕ್ಕೆ ಈ ಹೆಸರು ಬಂತೆಂದು ಬರೆದಿದ್ದಾನೆ. ಲ್ಯಾಟಿನ್ನಿನಲ್ಲಿ ‘ಫೊವೇರೆ’ ಎಂದರೆ ಬೆಚ್ಚಗಿಡು, ಕಾವು ಕೊಡು. ‘ಫವೇರೆ’ ಎಂದರೆ ಒಲಿ, ಅನುಕೂಲವಾಗು. ಅದರಿಂದ ಬಂತೆನ್ನುವವರೂ ಇದ್ದಾರೆ. ಈಗಿನ ಭಾಷಾಶಾಸ್ತ್ರಜ್ಞರಲ್ಲಿ ಹಲವರು ಕಾವಿನ ಅರ್ಥದ ಕಡೆಗೇ ವಾಲುತ್ತಾರೆ. ಆ ಮತವನ್ನು ಒಪ್ಪಿದರೆ ನಮಗೂ ಒಂದು ನೆಂಟಸ್ತಿಕೆ ಕೈಗೆ ಸಿಗುತ್ತದೆ. ಏಕೆಂದರೆ ‘ಫೊವೇರೆ’ ಹಾಗೂ ಸಂಸ್ಕೃತದ ‘ದಹ್’ ಧಾತು ಒಂದೇ ಮೂಲದಿಂದ ಕವಲೊಡೆದವು. ನಾವು ಕನ್ನಡದಲ್ಲಿ ದಿನವೂ ಆಡುವ ದಾಹ, ದಹನ ಎಂಬ ಮಾತುಗಳಿಗೆ ಈ ಗಾಳಿ ದೂರದ ದಾಯಾದಿ ಎಂದಾಯಿತು. ಬೆಚ್ಚಗಿಡುವ ಕಾವಿಗೂ ಸುಟ್ಟುಬಿಡುವ ಬೆಂಕಿಗೂ ಬೇರು ಒಂದೇ. ಮುಂದೆ ಬರುವ ಕಥೆಯಲ್ಲಿ ಈ ಎರಡನ್ನೂ ಕಾಣಲಿದ್ದೇವೆ.

ತತ್ಸಮ, ತದ್ಭವ

ನಮ್ಮ ವ್ಯಾಕರಣದಲ್ಲಿ ತತ್ಸಮ, ತದ್ಭವ ಎಂದು ಎರಡು ಬಗೆ ಹೇಳುತ್ತಾರೆ. ವರ್ಣ ಎಂದರೆ ತತ್ಸಮ, ಬಣ್ಣ ಎಂದರೆ ತದ್ಭವ. ಆಕಾಶ ತತ್ಸಮ, ಆಗಸ ತದ್ಭವ. ಶ್ರೀ ತತ್ಸಮ, ಸಿರಿ ತದ್ಭವ. ಪಂಡಿತರು ಕಾಪಾಡಿದ್ದು ಮೊದಲನೆಯದು. ಜನ ಬಳಸಿ ಬಳಸಿ ಸವೆಸಿದ್ದು ಎರಡನೆಯದು. ಲ್ಯಾಟಿನ್ನಿನಲ್ಲೂ ಹೀಗೆಯೇ ಆಯಿತು. ಇಟಾಲಿಯನ್ನಿನಲ್ಲಿ ‘ಫವೋನಿಯೊ’, ಪೋರ್ಚುಗೀಸಿನಲ್ಲಿ ‘ಫವೋನಿಯು’ ಎಂಬ ರೂಪಗಳು ಕಾವ್ಯಗಳಲ್ಲಿ, ನಿಘಂಟುಗಳಲ್ಲಿ ಹೆಚ್ಚು ಸವೆಯದೆ ಉಳಿದವು. ಆದರೆ ಹೊಲದಲ್ಲಿ, ಕುರಿಹಟ್ಟಿಯಲ್ಲಿ ಆಡುವ ಮಾತಿನಲ್ಲಿ ಅದಕ್ಕೆ ಬೇರೆ ಬೇರೆ ರೂಪ ಬಂತು. ಸ್ಪೇನಿನ ಅರಗಾನ್ ಪ್ರಾಂತದಲ್ಲಿ ‘ಫಗ್ವೆನ್ಯೊ’ ಆಯಿತು. ಪಿರನೀಸ್ ಬೆಟ್ಟಗಳ ಕಟಲಾನ್ ಮಾತಿನಲ್ಲಿ ‘ಫೊಗೊನ್’ ಎಂಬಂಥ ಉಚ್ಚಾರವಾಯಿತು.

ಈ ಸವೆತ ಶುರುವಾದದ್ದು ರೋಮನ್ನರ ಕಾಲದಲ್ಲೇ. ಎರಡು ಸ್ವರಗಳ ನಡುವೆ ಸಿಕ್ಕಿದ ವಕಾರವನ್ನು ಜನ ನುಂಗಿಬಿಡುತ್ತಿದ್ದರು. ಇದಕ್ಕೆ ಸಾಕ್ಷಿ ‘ಪ್ರೋಬಸನ ಅನುಬಂಧ’ ಎಂಬ ಹೆಸರಿನ ಒಂದು ಹಳೆಯ ಪಟ್ಟಿ. ಯಾವನೋ ಉಪಾಧ್ಯಾಯ ವಿದ್ಯಾರ್ಥಿಗಳಿಗೆಂದು ಮಾಡಿದ ಇನ್ನೂರಕ್ಕೂ ಮಿಕ್ಕ ಶಬ್ದಗಳ ಪಟ್ಟಿ ಅದು. ಹೀಗೆನ್ನಿ, ಹಾಗೆನ್ನಬೇಡಿ ಎಂಬುದೇ ಅದರ ಧಾಟಿ. ಭಯಕ್ಕೆ ‘ಪವೋರ್’ ಎನ್ನಬೇಕು, ‘ಪಓರ್’ ಎನ್ನಕೂಡದು ಎಂಬುದು ಅವನ ಒಂದು ಕಟ್ಟಪ್ಪಣೆ. ಪಾಪ, ಉಪಾಧ್ಯಾಯ ಸೋತ. ಜನ ತಮಗೆ ಬಂದಂತೆಯೇ ಆಡಿದರು. ಇಂದಿನ ಇಟಾಲಿಯನ್, ಫ್ರೆಂಚ್ ಭಾಷೆಗಳಲ್ಲಿ ಭಯಕ್ಕೆ ಇರುವ ಶಬ್ದಗಳು ಅವನು ಕೂಡದೆಂದ ರೂಪದಿಂದಲೇ ಹುಟ್ಟಿದವು. ಪವೋರ್ ಪಓರ್ ಆದ ದಾರಿಯಲ್ಲೇ ಫವೋನಿಯುಸ್ ‘ಫಓನಿಯುಸ್’ ಆಗಿ ಆಲ್ಪ್ಸ್ ಬೆಟ್ಟಗಳ ಕಡೆಗೆ ನಡೆಯಿತು.

ಆಲ್ಪ್ಸ್ ದಾಟಿದ ಹೆಸರು

ಕ್ರಿ.ಪೂ. 15ರಲ್ಲಿ ಆಗಸ್ಟಸ್ ಚಕ್ರವರ್ತಿಯ ಮಲಮಕ್ಕಳಾದ ಡ್ರೂಸುಸ್ ಹಾಗೂ ಟೈಬೀರಿಯಸ್ ಆಲ್ಪ್ಸ್‌ನ ನಡುಭಾಗದ ರೇಟಿಯ ನಾಡನ್ನು ಗೆದ್ದರು. ಈಗ ಪೂರ್ವ ಸ್ವಿಟ್ಜರ್ಲೆಂಡ್, ಪಶ್ಚಿಮ ಆಸ್ಟ್ರಿಯ ಎನ್ನುವ ಸೀಮೆ ಅದು. ಸೈನಿಕರ, ವರ್ತಕರ, ಅಧಿಕಾರಿಗಳ ಹಿಂದೆ ಲ್ಯಾಟಿನ್ ಭಾಷೆಯೂ ಕಣಿವೆ ಕಣಿವೆಗೆ ಹೊಕ್ಕಿತು. ಅಲ್ಲಿ ಅವರಿಗೊಂದು ಹೊಸ ಗಾಳಿ ಎದುರಾಯಿತು. ಶಿಖರಗಳ ಮೇಲಿನಿಂದ ಕಣಿವೆಗೆ ಧುಮುಕುವ, ಒಣ, ಬಿಸಿ ಗಾಳಿ. ಅದು ಬೀಸಿದರೆ ನಡುಚಳಿಗಾಲದಲ್ಲೂ ಒಂದೇ ರಾತ್ರಿಯಲ್ಲಿ ಹಿಮ ಕರಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಫವೋನಿಯುಸ್ ಪಡುವಣ ಗಾಳಿ. ಆಲ್ಪ್ಸ್‌ನ ಉತ್ತರ ಮಗ್ಗುಲಿನ ಈ ಗಾಳಿಯೋ ತೆಂಕಣದಿಂದ ಬರುವಂಥದು. ದಿಕ್ಕನ್ನೇ ನೋಡಿದ್ದರೆ ಅದನ್ನು ‘ಆಸ್ಟರ್’ ಎನ್ನಬೇಕಾಗಿತ್ತು. ತೆಂಕಣ ಗಾಳಿಗೆ ಲ್ಯಾಟಿನ್ ಹೆಸರು ಅದು. ಆದರೆ ಬೆಟ್ಟದ ಜನಕ್ಕೆ ದಿಕ್ಕು ಮುಖ್ಯವಾಗಲಿಲ್ಲ, ಗುಣ ಮುಖ್ಯವಾಯಿತು. ಚಳಿಯನ್ನು ಮುರಿಯುವ, ಹಿಮ ಕರಗಿಸುವ, ಹುಲ್ಲು ಚಿಗುರಿಸುವ ಗಾಳಿ ಎಂದರೆ ಫವೋನಿಯುಸ್. ಅದು ಎತ್ತಣಿಂದ ಬಂದರೇನು? ವಲಸೆಯ ಮೊದಲ ಹೆಜ್ಜೆಯಲ್ಲೇ ಹೆಸರು ತನ್ನ ದಿಕ್ಕನ್ನು ಕಳೆದುಕೊಂಡು ತನ್ನ ಕಾವನ್ನು ಉಳಿಸಿಕೊಂಡಿತು. ಸ್ವಿಟ್ಜರ್ಲೆಂಡಿನ ಇಟಾಲಿಯನ್ ಸೀಮೆಯಾದ ಟಿಚೀನೋದಲ್ಲಂತೂ ಇನ್ನೂ ವಿಚಿತ್ರ. ಅಲ್ಲಿ ಬೆಟ್ಟದ ತೆಂಕಣ ಮಗ್ಗುಲಿಗೆ ಬಡಗಣದಿಂದ ಇಳಿಯುವ ಬಿಸಿಗಾಳಿಗೂ ಫವೋನಿಯೊ ಎಂದೇ ಹೆಸರು.

ಸಾಮ್ರಾಜ್ಯ ಕುಸಿದ ಮೇಲೆ ಈ ಕಣಿವೆಗಳಲ್ಲಿ ಉಳಿದ ಲ್ಯಾಟಿನ್ ಕ್ರಮೇಣ ರೊಮಾನ್ಶ್ ಎಂಬ ಭಾಷೆಯಾಯಿತು. ಅದರಲ್ಲಿ ಈ ಗಾಳಿಗೆ ‘ಫವುನ್ಯ್’ ಎಂಬ ಹೆಸರು. ಎಂಗಡೀನ್ ಕಣಿವೆಯಲ್ಲಿ ‘ಫವುಓನ್ಯ್’ ಎನ್ನುತ್ತಾರೆ. ಆರನೆಯ ಶತಮಾನದಿಂದಾಚೆಗೆ ಉತ್ತರದಿಂದ ಅಲೆಮಾನ್ನಿ ಎಂಬ ಜರ್ಮನ್ ಬುಡಕಟ್ಟಿನವರು ನಿಧಾನವಾಗಿ ಕಣಿವೆಗಳನ್ನು ಹತ್ತಿ ಬಂದರು. ಅವರಿಗೆ ಇಂಥ ಗಾಳಿ ಹೊಸದು. ಹೊಸ ವಸ್ತುವಿಗೆ ಹೆಸರು ಬೇಕಾದಾಗ ಮನುಷ್ಯ ಮಾಡುವುದನ್ನೇ ಅವರೂ ಮಾಡಿದರು: ಮುಂಚಿನಿಂದ ಅಲ್ಲಿದ್ದವರನ್ನು ಕೇಳಿದರು. ಹತ್ತನೆಯ ಶತಮಾನದ ಹೊತ್ತಿಗೆ ಹಳೆಯ ಜರ್ಮನ್ ಭಾಷೆಯಲ್ಲಿ ‘ಫೋನ್ನೊ’ ಎಂಬ ರೂಪ ಬರವಣಿಗೆಯಲ್ಲಿ ಸಿಗುತ್ತದೆ. ಅದೇ ಮುಂದೆ ‘ಫ್ಯೋನ್’ ಆಯಿತು.

ಇಲ್ಲಿ ಕ್ಷಣ ನಿಲ್ಲೋಣ. ಚಕ್ರವರ್ತಿಗಳ ಭಾಷೆಯಿಂದ ಇಂದಿನ ಯೂರೋಪಿನ ಅತಿ ದೊಡ್ಡ ಭಾಷೆಗಳಲ್ಲೊಂದಕ್ಕೆ ಈ ಹೆಸರನ್ನು ದಾಟಿಸಿದವರು ಯಾರು? ಪಂಡಿತರಲ್ಲ, ಗ್ರಂಥಗಳಲ್ಲ. ಬೆಟ್ಟದ ಬುಡದಲ್ಲಿ ಹಸು ಕಾಯುತ್ತಿದ್ದ, ಬರವಣಿಗೆಯ ಸಂಪ್ರದಾಯವಿನ್ನೂ ಬೆಳೆಯದಿದ್ದ ಒಂದು ಸಣ್ಣ ಭಾಷೆಯ ಜನ. ಅವರು ಅಂಬಿಗರಂತೆ ಈಚೆ ದಡದ ಮಾತನ್ನು ಆಚೆ ದಡಕ್ಕೆ ಮುಟ್ಟಿಸಿದರು. ಅವರ ಕಥೆಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

ಕಾಯುವ ಗಾಳಿ, ಸುಡುವ ಗಾಳಿ

ಆಲ್ಪ್ಸ್‌ನ ಒಕ್ಕಲಿಗರು ಈ ಗಾಳಿಗೆ ಅಡ್ಡಹೆಸರುಗಳನ್ನೂ ಇಟ್ಟಿದ್ದಾರೆ. ಹಿಮವನ್ನು ಕಬಳಿಸುವುದರಿಂದ ‘ಹಿಮಭಕ್ಷಕ’. ರೈನ್ ನದಿಯ ಮೇಲುಕಣಿವೆಯಲ್ಲಿ, ಶರತ್ಕಾಲದಲ್ಲಿ ಬೀಸಿ ದ್ರಾಕ್ಷಿಯನ್ನು ಹಣ್ಣು ಮಾಡುವುದರಿಂದ ‘ದ್ರಾಕ್ಷಿ ಬೇಯಿಸುವವ’. ಈ ಗಾಳಿ ಇಲ್ಲದಿದ್ದರೆ ಅಂಥ ಚಳಿಸೀಮೆಯಲ್ಲಿ ದ್ರಾಕ್ಷಿ ಚೆನ್ನಾಗಿ ಮಾಗುವುದೇ ಕಷ್ಟ. ಮೊಳಕೆಯನ್ನು ಬೆಚ್ಚಗಿಡುವ ಗಾಳಿ ಎಂದು ಇಸಿದೋರ್ ಹೇಳಿದ ಮಾತು ಇಲ್ಲಿ ನಿಜವಾಗುತ್ತದೆ.

ಆದರೆ ಇದೇ ಗಾಳಿ ಮನೆ ಸುಡುವ ಗಾಳಿಯೂ ಹೌದು. ಮರದ ಗೋಡೆ, ಮರದ ಹೊದಿಕೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದ ಊರುಗಳಲ್ಲಿ ಒಣ ಬಿಸಿಗಾಳಿ ಬೀಸುವಾಗ ಒಂದು ಕಿಡಿ ಸಾಕು. 1861ರ ಮೇ 10ರ ರಾತ್ರಿ ಪೂರ್ವ ಸ್ವಿಟ್ಜರ್ಲೆಂಡಿನ ಗ್ಲಾರುಸ್ ಪಟ್ಟಣದಲ್ಲಿ ಬೆಂಕಿ ಬಿತ್ತು. ಫ್ಯೋನ್ ಬೀಸುತ್ತಿತ್ತು. ಬೆಳಗಾಗುವಷ್ಟರಲ್ಲಿ ಸುಮಾರು 600 ಕಟ್ಟಡಗಳು, ಎಂದರೆ ಊರಿನ ಮೂರರಲ್ಲಿ ಎರಡು ಪಾಲು, ಬೂದಿಯಾಗಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಆ ಮೇಲೆ ಕಟ್ಟಿದ ಊರಿನಲ್ಲಿ ನೇರವಾದ ಅಗಲ ಬೀದಿಗಳನ್ನು ಹಾಕಿದರು. ಇಂದಿಗೂ ಗ್ಲಾರುಸ್‌ಗೆ ಹೋದವರಿಗೆ ಸುತ್ತಲಿನ ಹಳೆಯ ಊರುಗಳ ಓಣಿಗಳಿಗೂ ಅಲ್ಲಿನ ಚೌಕಟ್ಟಾದ ಬೀದಿಗಳಿಗೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 1891ರಲ್ಲಿ ಮೈರಿಂಗೆನ್ ಎಂಬ ಊರು ಇದೇ ಗಾಳಿಯ ಹೊತ್ತಿನಲ್ಲಿ ಸುಟ್ಟಿತು.

ಇಂಥ ಅನುಭವದಿಂದ ಕಟ್ಟಳೆಗಳು ಹುಟ್ಟಿದವು. ಫ್ಯೋನ್ ಎದ್ದಾಗ ಒಲೆ ಆರಿಸಬೇಕು, ಬೀದಿಯಲ್ಲಿ ಹೊಗೆಬತ್ತಿ ಸೇದಕೂಡದು. ಊರಿನ ಗಂಡಸರು ಸರದಿಯ ಮೇಲೆ ರಾತ್ರಿಯಿಡೀ ಗಸ್ತು ತಿರುಗಬೇಕು. ಈ ಗಸ್ತಿಗೆ ‘ಫ್ಯೋನ್ ಕಾವಲು’ ಎಂದೇ ಹೆಸರಾಯಿತು. ರೋಮಿನ ಕವಿ ಹಾಡಿ ಹೊಗಳಿದ ಗಾಳಿಯ ಹೆಸರು ಇಲ್ಲಿ ಕಾವಲುಗಾರನ ಕೂಗಾಯಿತು.

ನೀರಿನ ಮೇಲೂ ಅದರ ಉಪಟಳ ಕಡಿಮೆಯಲ್ಲ. ಜರ್ಮನ್ ಕವಿ ಶಿಲ್ಲರ್ 1804ರಲ್ಲಿ ‘ವಿಲ್ಹೆಲ್ಮ್ ಟೆಲ್’ ನಾಟಕವನ್ನು ಬರೆದ. ಅದರ ಮೊದಲ ದೃಶ್ಯದಲ್ಲೇ ಬೆನ್ನಟ್ಟಿ ಬರುವ ಸವಾರರಿಂದ ತಪ್ಪಿಸಿಕೊಳ್ಳಲು ಒಬ್ಬಾತ ಲೂಸರ್ನ್ ಸರೋವರದ ದಡಕ್ಕೆ ಓಡಿ ಬಂದು ದೋಣಿ ದಾಟಿಸೆಂದು ಅಂಗಲಾಚುತ್ತಾನೆ. ಫ್ಯೋನ್ ಎದ್ದಿದೆ, ಆಗದೆಂದು ಅಂಬಿಗ ಕೈಚೆಲ್ಲುತ್ತಾನೆ. ಕೊನೆಗೆ ಹುಟ್ಟು ಹಿಡಿಯುವವನು ಟೆಲ್. ಸ್ವಿಟ್ಜರ್ಲೆಂಡಿಗೆ ಒಮ್ಮೆಯೂ ಹೋಗದಿದ್ದ ಶಿಲ್ಲರ್‌ಗೂ ಆ ನಾಡಿನ ಮಾತೆತ್ತಿದೊಡನೆ ಈ ಗಾಳಿ ನೆನಪಾಯಿತು. ಬೆಟ್ಟದ ಮಾತು ಈಗ ಜರ್ಮನ್ ಸಾಹಿತ್ಯದ ಮಾತಾಯಿತು.

ಸಹಾರಾದಿಂದ ಬಂದದ್ದಲ್ಲ

ಹಿಮದ ಬೆಟ್ಟದಿಂದ ಇಳಿಯುವ ಗಾಳಿ ಬಿಸಿಯಾಗಿರುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ನಡುವೆ ಇದು ವಿದ್ವಾಂಸರ ದೊಡ್ಡ ಜಗಳವಾಯಿತು. ಆಫ್ರಿಕದ ಸಹಾರಾ ಮರುಭೂಮಿಯಿಂದ ಬರುವುದರಿಂದಲೇ ಅದು ಬಿಸಿಯಾಗಿಯೂ ಒಣದಾಗಿಯೂ ಇದೆಯೆಂಬುದು ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಎಶೆರ್ ಫಾನ್ ಡೆರ್ ಲಿಂಟ್ ಮೊದಲಾದವರ ವಾದ. ಬರ್ಲಿನ್ನಿನ ಹವಾಮಾನ ಪಂಡಿತ ಡೋವೆ ಇದನ್ನು ಒಪ್ಪದೆ, ಅಟ್ಲಾಂಟಿಕ್ ಸಾಗರದಾಚೆಯ ಉಷ್ಣ ಪ್ರದೇಶದ ಕಡೆಗೆ ಬೊಟ್ಟುಮಾಡಿದ.

1866ರಲ್ಲಿ ಆಸ್ಟ್ರಿಯದ ಯೂಲಿಯುಸ್ ಹಾನ್ ಈ ಜಗಳವನ್ನು ಒಂದು ಸರಳ ಪ್ರಶ್ನೆಯಿಂದ ಇತ್ಯರ್ಥ ಮಾಡಿದನೆನ್ನಬಹುದು. ಗ್ರೀನ್‌ಲೆಂಡಿನ ಪಶ್ಚಿಮ ಕರಾವಳಿಯಲ್ಲೂ ಇಂಥದೇ ಬಿಸಿಗಾಳಿ ಬೀಸುತ್ತದೆ. ಅದು ಬರುವುದು ನಡುನಾಡಿನ ಮಂಜಿನ ಹಾಸಿನ ಮೇಲಿನಿಂದ. ಅಲ್ಲಿ ಯಾವ ಸಹಾರಾ ಇದೆ? ಬಿಸಿ ಹೊರಗಿನಿಂದ ಬಂದದ್ದಲ್ಲ, ಇಳಿಯುವಾಗ ಹುಟ್ಟಿದ್ದು ಎಂದು ಹಾನ್ ತೋರಿಸಿದ. ಸೈಕಲ್ಲಿಗೆ ಪಂಪಿನಿಂದ ಗಾಳಿ ತುಂಬಿದವರಿಗೆಲ್ಲ ಪಂಪಿನ ತುದಿ ಬಿಸಿಯಾಗುವುದು ಗೊತ್ತು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಮೇಲಿನಿಂದ ಇಳಿಯುವ ಗಾಳಿಯೂ ಕೆಳಗಿನ ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬಿಸಿಯಾಗುತ್ತದೆ.

ಹಾಗಾದರೆ ಹತ್ತುವಾಗ ಅಷ್ಟೇ ತಣ್ಣಗಾಗಬೇಕಲ್ಲ ಎಂದು ಓದುಗರು ಕೇಳಬಹುದು. ಮುಂಬಯಿಯಿಂದ ಪುಣೆಗೆ ಮಳೆಗಾಲದಲ್ಲಿ ರೈಲಿನಲ್ಲಿ ಹೋದವರಿಗೆ ಉತ್ತರ ಕಿಟಕಿಯಲ್ಲೇ ಕಾಣುತ್ತದೆ. ಕಡಲಿನ ಒದ್ದೆ ಗಾಳಿ ಖಂಡಾಲಾ ಘಾಟಿಯನ್ನು ಹತ್ತುವಾಗ ಮಳೆ ಸುರಿಸಿಬಿಡುತ್ತದೆ. ಲೋಣಾವಳದಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿದ ಮಳೆ; ಘಾಟಿ ದಾಟಿದ ಪುಣೆಯಲ್ಲಿ ಸುಮಾರು 700. ನಮ್ಮ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ಅಂತರ ಇನ್ನೂ ದೊಡ್ಡದು. ಆವಿ ನೀರಾಗುವಾಗ ತನ್ನೊಳಗಿನ ಕಾವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಮಳೆ ಸುರಿಸುತ್ತ ಹತ್ತುವ ಗಾಳಿ 100 ಮೀಟರಿಗೆ ಸುಮಾರು 0.6 ಡಿಗ್ರಿಯಷ್ಟು ಮಾತ್ರ ತಣಿಯುತ್ತದೆ. ಲೆಕ್ಕಕ್ಕೆಂದು ಹೇಳುವುದಾದರೆ, 20 ಡಿಗ್ರಿಯ ಒದ್ದೆ ಗಾಳಿ 2000 ಮೀಟರು ಹತ್ತಿದರೆ 8 ಡಿಗ್ರಿಗೆ ಇಳಿಯುತ್ತದೆ. ಆಚೆ ಒಣಗಿ ಅಷ್ಟೇ ಇಳಿದರೆ 28 ಡಿಗ್ರಿಗೆ ಏರುತ್ತದೆ. ಹೊರಟಾಗಿನದಕ್ಕಿಂತ 8 ಡಿಗ್ರಿ ಲಾಭ! ಮಳೆಯೇ ಇಲ್ಲದೆ, ಶಿಖರದ ಮಟ್ಟದ ಗಾಳಿ ನೇರವಾಗಿ ಕೆಳಗೆ ಧುಮುಕಿ ಬಿಸಿಯಾಗುವುದೂ ಉಂಟು.

ಈ ವಿವರಣೆಯೊಡನೆ ಒಂದು ಸೀಮೆಯ ಗಾಳಿಯ ಹೆಸರು ವಿಜ್ಞಾನದ ಪರಿಭಾಷೆಯಾಯಿತು. ಉತ್ತರ ಅಮೆರಿಕದ ರಾಕಿ ಬೆಟ್ಟಗಳಿಂದ ಇಳಿಯುವ ‘ಚಿನೂಕ್’ ಆಗಲಿ, ಅರ್ಜೆಂಟೀನದ ‘ಜೊಂಡ’ ಆಗಲಿ, ಹವಾಮಾನ ಶಾಸ್ತ್ರಕ್ಕೆ ಎಲ್ಲವೂ ಫ್ಯೋನ್ ಜಾತಿಯ ಗಾಳಿಗಳೇ. ರೋಮಿನ ಪಡುವಣ ಗಾಳಿ ಈಗ ಪ್ರಪಂಚದ ಯಾವ ದಿಕ್ಕಿನಿಂದಲಾದರೂ ಬೀಸಬಹುದು.

ತವರಿಗೆ ಮರಳಿದ ಮಗಳು

ಇನ್ನು ಯಂತ್ರದ ಕಥೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್ನಿನ ಸಾನಿಟಾಸ್ ಎಂಬ ಕಾರ್ಖಾನೆ, ವಿದ್ಯುತ್ತಿನಿಂದ ಬಿಸಿಗಾಳಿ ಊದುವ ತನ್ನ ಯಂತ್ರಕ್ಕೆ ‘ಫ್ಯೋನ್’ ಎಂದು ಹೆಸರಿಟ್ಟು, ಅದನ್ನು ತನ್ನ ವ್ಯಾಪಾರಮುದ್ರೆಯಾಗಿ ಮಾಡಿಕೊಂಡಿತು. ಬರೆಯುವಾಗ ಮಾತ್ರ ಗಾಳಿಯ ಹೆಸರಿನಲ್ಲಿರುವ ಹಕಾರವನ್ನು ಬಿಟ್ಟರು. ಮುಂದೆ ಕಾರ್ಖಾನೆಯೂ ಅದರ ಜತೆ ಹೆಸರೂ ಎ.ಇ.ಜಿ. ಎಂಬ ದೊಡ್ಡ ವಿದ್ಯುತ್ ಸಂಸ್ಥೆಯ ಕೈಸೇರಿತು. ನಾವು ಒಂದು ಕಾಲಕ್ಕೆ ಯಾವ ಕಂಪನಿಯ ವನಸ್ಪತಿಯನ್ನೂ ‘ಡಾಲ್ಡಾ’ ಎಂದೇ ಕರೆಯುತ್ತಿದ್ದಂತೆ, ಜರ್ಮನರಿಗೆ ಕೂದಲು ಒಣಗಿಸುವ ಯಾವ ಯಂತ್ರವಾದರೂ ಫ್ಯೋನ್ ಆಯಿತು. 1996ರಲ್ಲಿ ಜರ್ಮನ್ ಕಾಗುಣಿತವನ್ನು ಸುಧಾರಿಸಿದಾಗ ಯಂತ್ರದ ಹೆಸರಿಗೂ ಗಾಳಿಯಂತೆಯೇ ಹಕಾರ ಸೇರಿಸಿ ಬರೆಯಬೇಕೆಂದು ವಿಧಿಸಿದರು. ಮುದ್ರೆಯಾಗಿ ಬಳಸುವ ಹೆಸರಿಗೆ ಮಾತ್ರ ಹಳೆಯ ರೂಪವೇ ಉಳಿಯಿತು.

ಯಂತ್ರದ ಜತೆ ಹೆಸರೂ ಗಡಿಗಳನ್ನು ದಾಟಿತು. ರಷ್ಯನ್ನಿನಲ್ಲಿ ‘ಫೆನ್’, ಚೆಕ್ ಭಾಷೆಯಲ್ಲಿ ‘ಫೇನ್’, ತುರ್ಕಿಯಲ್ಲಿ, ಡಚ್ಚಿನಲ್ಲಿ ‘ಫ್ಯೋನ್’. ಕೊನೆಗೆ ಆಲ್ಪ್ಸ್ ದಾಟಿ ಇಟಲಿಗೂ ಬಂತು. ಅಲ್ಲಿ ಅದಕ್ಕೆ ‘ಫೋನ್’ ಎಂದು ಹೆಸರು. ನಮ್ಮ ದೂರವಾಣಿಗೂ ಇದಕ್ಕೂ ನಂಟಿಲ್ಲ. ಆದರೆ ಇಟಾಲಿಯನ್ನರೂ ಕೆಲವೊಮ್ಮೆ ಇದು ಧ್ವನಿ ಎಂಬ ಅರ್ಥದ ಗ್ರೀಕ್ ಮಾತಿನ ಕುಲದ್ದೋ ಎಂಬಂತೆ ಗ್ರೀಕ್ ಬೆಡಗಿನ ಕಾಗುಣಿತದಲ್ಲಿ ಬರೆಯುತ್ತಾರೆ. ನೋಡಿ, ಎಂಥ ವಿನೋದ! ಎರಡು ಸಾವಿರ ವರ್ಷಗಳ ಹಿಂದೆ ಇದೇ ನೆಲದಿಂದ ಹೊರಟ ಮಗಳು, ಬೆಟ್ಟದಾಚೆ ಸಂಸಾರ ಮಾಡಿ, ಉಡುಗೆ ಬದಲಿಸಿ ತವರಿಗೆ ಬಂದರೆ ಬಾಗಿಲು ತೆರೆದವರಿಗೆ ಗುರುತೇ ಸಿಗಲಿಲ್ಲ. ನಿಘಂಟಿನಲ್ಲಿ ‘ಫವೋನಿಯೊ’ ಕುಳಿತಿದೆ, ಬಚ್ಚಲುಮನೆಯಲ್ಲಿ ‘ಫೋನ್’ ತೂಗಾಡುತ್ತಿದೆ. ಒಡಹುಟ್ಟಿದವರು ಪರಸ್ಪರ ಮಾತಾಡುವುದಿಲ್ಲ.

ಅಂಬಿಗರು ಏನಾದರು?

ಹೆಸರನ್ನು ದಾಟಿಸಿದ ರೊಮಾನ್ಶ್ ಜನರ ವಿಷಯಕ್ಕೆ ಬರೋಣ. ಬೆಂಕಿಯ ನೆನಪಿನ ಗ್ಲಾರುಸ್ ಕಣಿವೆಯಲ್ಲೂ ಹನ್ನೊಂದನೆಯ ಶತಮಾನದವರೆಗೆ ರೊಮಾನ್ಶ್ ನುಡಿಯೇ ನಡೆಯುತ್ತಿತ್ತು. ಆಮೇಲೆ ಅದು ಪೂರ್ತಿ ಜರ್ಮನ್ ಆಯಿತು. ಗ್ರಾವುಬ್ಯುಂಡೆನ್ ಪ್ರಾಂತದ ರಾಜಧಾನಿಯಾದ ಕೂರ್ ಪಟ್ಟಣವೂ ರೊಮಾನ್ಶ್ ಊರೇ. 1464ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಲು ಬಂದ ಜರ್ಮನ್ ನುಡಿಯ ಕುಶಲಕರ್ಮಿಗಳು ಅಲ್ಲೇ ನೆಲೆಸಿದರು. ಊರಿನ ಮಾತು ಬದಲಾಯಿತು. ಸುಟ್ಟ ಮನೆಗಳನ್ನು ಕಟ್ಟಿಕೊಂಡರು, ಹೋದ ಭಾಷೆ ಮರಳಲಿಲ್ಲ.

ಆದರೂ ರೊಮಾನ್ಶ್ ಸಾಯಲಿಲ್ಲ. 1919ರಲ್ಲಿ ‘ಲಿಯಾ ರುಮಾಂಚ’ ಎಂಬ ಸಂಘ ಹುಟ್ಟಿತು. 1938ರಲ್ಲಿ ಸ್ವಿಟ್ಜರ್ಲೆಂಡಿನ ಮತದಾರರು ಭಾರಿ ಬಹುಮತದಿಂದ ಅದನ್ನು ದೇಶದ ನಾಲ್ಕನೆಯ ರಾಷ್ಟ್ರಭಾಷೆಯೆಂದು ಒಪ್ಪಿದರು. 2000ದ ಜನಗಣತಿಯಲ್ಲಿ ಅದನ್ನು ತಮ್ಮ ಮುಖ್ಯ ಭಾಷೆಯೆಂದು ಬರೆಸಿದವರು 35,095 ಮಂದಿ. ಅವರಲ್ಲಿ ಎಷ್ಟೋ ಜನ ಕೆಲಸ, ಓದು ಎಂದು ಬೆಟ್ಟ ಇಳಿದು ಝೂರಿಚ್ ಮೊದಲಾದ ಜರ್ಮನ್ ನಗರಗಳಲ್ಲಿ ನೆಲೆಸಿದವರು. ಹೊರಗೆ ಒಂದು ಭಾಷೆ, ಮನೆಯಲ್ಲಿ ಇನ್ನೊಂದು. ಮಕ್ಕಳು ಶಾಲೆಯ ಭಾಷೆಯಲ್ಲೇ ಉತ್ತರ ಕೊಡುವುದು. ಹಬ್ಬಕ್ಕೊಮ್ಮೆ ಸಂಘದಲ್ಲಿ ಸೇರುವುದು. ಇದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಗಾಳಿಯ ಕಥೆಯಿಂದ ನಮಗೆ ಎರಡು ಸಂಗತಿ ಕಾಣುತ್ತವೆ. ಒಂದು ಸಮಾಧಾನದ್ದು, ಒಂದು ಎಚ್ಚರಿಕೆಯದು. ಸಮಾಧಾನದ್ದು ಇದು: ಮಾತನ್ನು ಉಳಿಸಿದವನು ತಪ್ಪು ತಿದ್ದುವ ಉಪಾಧ್ಯಾಯನಲ್ಲ. ಅವನ ಪಟ್ಟಿ ಪಂಡಿತರ ಕಪಾಟಿನಲ್ಲಿ ಉಳಿಯಿತು. ಮಾತು ಉಳಿದದ್ದು ಅದನ್ನು ತಪ್ಪಾಗಿ, ಸವೆಸಿ, ಅರ್ಧ ನುಂಗಿ ಆಡಿದವರ ಬಾಯಲ್ಲಿ. ಪರವೂರಿನಲ್ಲಿ ಬೆಳೆದ ನಮ್ಮ ಮಕ್ಕಳು ಲಕಾರ ಳಕಾರ ಬೆರೆಸಿದರೆ, ಮರಾಠಿಯ, ತಮಿಳಿನ, ಹಿಂದಿಯ ಮಾತು ನಡುವೆ ಸೇರಿಸಿದರೆ ಅವರನ್ನು ನಕ್ಕು ಬಾಯಿ ಮುಚ್ಚಿಸುವುದು ಬೇಡ. ಬಾಯಿ ಮುಚ್ಚಿದ ಮಗು ಶುದ್ಧ ಕನ್ನಡಕ್ಕೆ ಬರುವುದಿಲ್ಲ, ಕನ್ನಡವನ್ನೇ ಬಿಟ್ಟುಬಿಡುತ್ತದೆ.

ಎಚ್ಚರಿಕೆಯದು ಇದು: ಗ್ಲಾರುಸ್‌ನಲ್ಲಿ ಇಂದು ಫ್ಯೋನ್ ಬೀಸಿದರೆ ಜನ ಅದರ ಹೆಸರು ಹೇಳುತ್ತಾರೆ, ಆ ಹೆಸರು ತಮ್ಮ ಕಣಿವೆಯ ಹಿಂದಿನವರ ಮಾತಿನದೆಂದು ಹೆಚ್ಚಿನವರಿಗೆ ಹೊಳೆಯುವುದೂ ಇಲ್ಲ. ಒಂದು ಇಡೀ ಭಾಷೆ ಆ ಕಣಿವೆಯಿಂದ ಎದ್ದುಹೋಯಿತು. ಉಳಿದವು ಊರುಗಳ, ಬೆಟ್ಟಗಳ ಕೆಲವು ಹೆಸರುಗಳು ಮತ್ತು ಈ ಗಾಳಿಯ ಹೆಸರು. ಅಷ್ಟಾದರೂ ಉಳಿಯಿತಲ್ಲ ಎಂದು ಶಬ್ದಚರಿತ್ರಕಾರನು ಹಿಗ್ಗಬಹುದು. ಮನೆಯ ಯಜಮಾನನೂ ಯಜಮಾನಿಯೂ ಹಾಗೆ ಹಿಗ್ಗುವಂತಿಲ್ಲ. ನಮ್ಮ ಮೊಮ್ಮಕ್ಕಳ ಬಾಯಲ್ಲಿ ಬಿಸಿಬೇಳೆ ಹುಳಿಯನ್ನ, ಅಜ್ಜಿ, ತಾತ ಎಂಬ ನಾಲ್ಕು ಮಾತು ಮಾತ್ರ ಉಳಿಯಬೇಕೇ, ಅಥವಾ ಅವುಗಳನ್ನು ಪೋಣಿಸುವ ಭಾಷೆಯೂ ಉಳಿಯಬೇಕೇ? ಇದು ಸಂಘದ ಸಭೆಯಲ್ಲಿ ಠರಾವು ಮಾಡಿ ಮುಗಿಸುವ ವಿಷಯವಲ್ಲ. ದಿನವೂ ರಾತ್ರಿ ಊಟಕ್ಕೆ ಕುಳಿತಾಗ ಯಾವ ಭಾಷೆಯಲ್ಲಿ ಬಡಿಸುತ್ತೇವೆ, ಯಾವ ಭಾಷೆಯಲ್ಲಿ ಸಾಕೆನ್ನುತ್ತೇವೆ ಎಂಬುದರ ಮೇಲೆ ನಿಂತ ವಿಷಯ.